ಫುಟ್‌ಪಾತ್ ಹಕ್ಕು ಅಂತಾಯ್ತು, ಸರಿ, ಸೈಕಲ್ ಎಲ್ಲಿ ಹೋಗ್ಬೇಕು?

2025ರ ಮೇ 14ಕ್ಕೆ ಸುಪ್ರೀಂ ಕೋರ್ಟ್ ಒಂದು ಮಾತು ಹೇಳ್ತು. ಅಡ್ಡಿ ಇಲ್ಲದ, ಅಂಗವಿಕಲರೂ ಓಡಾಡೋಕಾಗೋ ಫುಟ್‌ಪಾತ್ ಸಿಗೋದು ಸಂವಿಧಾನದ 21ನೇ ವಿಧಿ ಕೊಡೋ ಬದುಕೋ ಹಕ್ಕಿನಲ್ಲೇ ಬರತ್ತೆ ಅಂತ. ಆಮೇಲೆ ಅದೇ ಕೇಸಲ್ಲಿ ಅಕ್ಟೋಬರ್ 7ಕ್ಕೆ ಇನ್ನೊಂದು ಆದೇಶ ಬಂತು, 50 ನಗರಗಳಲ್ಲಿ ಫುಟ್‌ಪಾತ್ ಆಡಿಟ್ ಆಗ್ಬೇಕು, ಆರು ತಿಂಗಳಲ್ಲಿ ರಾಜ್ಯ ಸರ್ಕಾರಗಳು ನಿಯಮ ಮಾಡ್ಬೇಕು ಅಂತ. ಆ ಪಟ್ಟೀಲಿ ಬೆಂಗಳೂರೂ ಇದೆ. ಅಲ್ಲಿಂದ ಶುರುವಾಯ್ತು ಗೊಂದಲ. ನಡೆಯೋರಿಗೆ ಖುಷಿ, ಸೈಕಲ್ ತುಳಿಯೋರಿಗೆ ನಮ್ಮನ್ನ ಫುಟ್‌ಪಾತಿಂದ ಓಡಿಸ್ತಾರೋ ಇಲ್ಲ ನಮಗೂ ಅಲ್ಲೇ ಜಾಗ ಮಾಡ್ತಾರೋ ಅನ್ನೋ ಅನುಮಾನ, ಬೀದಿಬದಿ ವ್ಯಾಪಾರಿಗಳಿಗೆ ಲಾರಿ ತಂದು ಗಾಡಿ ಎತ್ಕೊಂಡು ಹೋಗ್ತಾರೇನೋ ಅನ್ನೋ ಭಯ. ಇದರ ನಡುವೆ ಅಧಿಕಾರಿಗಳ ಕಡೆಯಿಂದ ಆಗಾಗ ಕೇಳಿಬರೋ ಸುಲಭ ಉಪಾಯ ಒಂದಿದೆ: ಫುಟ್‌ಪಾತ್ ಸ್ವಲ್ಪ ಅಗಲ ಮಾಡಿ, ಸೈಕಲ್ ಚಿತ್ರ ಬಿಡಿಸಿ, ಇಬ್ಬರಿಗೂ ಒಂದೇ ಹಾದಿ ಅಂದುಬಿಡೋದು. ಇದು ಎಲ್ಲಿ ನಡೆಯತ್ತೆ, ಎಲ್ಲಿ ಕೆಡತ್ತೆ, ಯಾಕೆ ಕೆಡತ್ತೆ ಅಂತ ನಿಧಾನಕ್ಕೆ ಬಿಡಿಸಿ ನೋಡೋಣ.

ಕೋರ್ಟ್ ಹೇಳಿದ್ದು ಬರೀ ಫುಟ್‌ಪಾತ್ ಬಗ್ಗೆನಾ?

ಅಲ್ಲ, ಇಲ್ಲೇ ಬಹಳ ಜನ ಎಡವೋದು. ಸುದ್ದಿಗಳಲ್ಲಿ ಫುಟ್‌ಪಾತ್ ಅನ್ನೋ ಪದವೇ ದೊಡ್ಡದಾಗಿ ಬಂತು, ಆದ್ರೆ ಕೋರ್ಟ್ ನಿಯಮ ಮಾಡಿ ಅಂತ ಹೇಳಿದ್ದು ಮೋಟಾರು ವಾಹನ ಕಾಯ್ದೆಯ ಎರಡು ಸೆಕ್ಷನ್ ಅಡಿಯಲ್ಲಿ. ಒಂದು 138(1ಎ), ಇನ್ನೊಂದು 210ಡಿ, ಎರಡೂ 2019ರ ತಿದ್ದುಪಡೀಲಿ ಸೇರಿದ್ದು. ಮೊದಲನೇದು ಪಾದಚಾರಿಗಳ ಜೊತೆಗೆ ಮೋಟಾರ್ ಇಲ್ಲದ ವಾಹನಗಳನ್ನೂ ಒಳಗೊಳ್ಳತ್ತೆ, ಅಂದ್ರೆ ಸೈಕಲ್ಲು, ತಳ್ಳುಗಾಡಿ, ಎಲ್ಲ. ಎರಡನೇದು ರಾಷ್ಟ್ರೀಯ ಹೆದ್ದಾರಿ ಬಿಟ್ಟು ಉಳಿದ ರಸ್ತೆಗಳ ವಿನ್ಯಾಸ, ನಿರ್ಮಾಣ, ನಿರ್ವಹಣೆಗೆ ರಾಜ್ಯವೇ ಮಾನದಂಡ ಮಾಡೋಕೆ ಅಧಿಕಾರ ಕೊಡತ್ತೆ. ಹಾಗಾಗಿ ರಾಜ್ಯ ಮಾಡೋ ನಿಯಮದಲ್ಲಿ ಸೈಕಲ್‌ಗೆ ಜಾಗ ಎಲ್ಲಿ ಅನ್ನೋ ಪ್ರಶ್ನೆಗೆ ಉತ್ತರ ಕೊಡದೆ ತಪ್ಪಿಸಿಕೊಳ್ಳೋಕಾಗಲ್ಲ, ತಪ್ಪಿಸಿಕೊಂಡ್ರೆ ಅರ್ಧ ಕೆಲಸ ಮಾಡಿದ ಹಾಗೆ.

ಕೋರ್ಟ್ ಇಷ್ಟು ಅವಸರ ಯಾಕೆ ಮಾಡ್ತು ಅಂದ್ರೆ, 2023ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,72,890 ಜನರಲ್ಲಿ 35,221 ಜನ ನಡ್ಕೊಂಡು ಹೋಗ್ತಿದ್ದೋರು. ಐದರಲ್ಲಿ ಒಬ್ಬರು.

ಒಟ್ಟಿಗೆ ಹಾಕೋ ಆಸೆ ಎಲ್ಲಿಂದ ಬರತ್ತೆ

ಲೆಕ್ಕ ಸರಳ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ 2012ರ ಮಾರ್ಗಸೂಚಿ ಪ್ರಕಾರ ನಡೆಯೋಕೆ ಅಡ್ಡಿಯಿಲ್ಲದೆ ಕನಿಷ್ಠ 1.8 ಮೀಟರ್ ಅಗಲ ಬೇಕು, ಎರಡು ವೀಲ್‌ಚೇರ್ ಎದುರುಬದುರು ಬಂದ್ರೂ ಸಾಗೋ ಹಾಗೆ. ಸೈಕಲ್‌ಗೆ ಬೇರೆ ಟ್ರ್ಯಾಕ್ ಮಾಡಿದ್ರೆ ಇನ್ನೊಂದೆರಡು ಮೀಟರ್, ಮಧ್ಯದಲ್ಲಿ ತಡೆ ಹಾಕೋಕೆ ಮತ್ತೊಂದಿಷ್ಟು. ರಸ್ತೆಯ ಎರಡೂ ಕಡೆ ಹೀಗೆ ಮಾಡಿದ್ರೆ ಒಂದು ಕಾರ್ ಲೇನ್‌ಗಿಂತ ಜಾಸ್ತಿ ಜಾಗ ಹೋಗತ್ತೆ. ಬೆಂಗಳೂರಲ್ಲಿ ವಾಹನ ಒಂದು ಕೋಟಿ ದಾಟಿದೆ, ಕಾರ್ ಲೇನ್ ಅಥವಾ ಪಾರ್ಕಿಂಗ್ ತೆಗೀತೀವಿ ಅಂತ ಯಾವ ಶಾಸಕ ಹೇಳ್ತಾನೆ? ಅದಕ್ಕೇ ನಡೆಯೋರನ್ನೂ ತುಳಿಯೋರನ್ನೂ ಒಂದೇ ಕಡೆ ತುಂಬಿಸಿದ್ರೆ ಯಾರ ಜೊತೇನೂ ಜಗಳ ಇಲ್ಲ ಅನಿಸತ್ತೆ. ಜಗಳ ಇರತ್ತೆ, ಆದ್ರೆ ಅದು ರಸ್ತೆ ಮೇಲಿಂದ ಫುಟ್‌ಪಾತ್ ಮೇಲಕ್ಕೆ ಹೋಗತ್ತೆ ಅಷ್ಟೇ.

ಎರಡೂ ಕಡೆಯವರ ವಾದ

ನಡೆಯೋರ ವಾದ ವೇಗದ್ದು. ಮನುಷ್ಯ ನಡೆಯೋದು ಗಂಟೆಗೆ ನಾಲ್ಕೈದು ಕಿಲೋಮೀಟರ್, ಸಾಮಾನ್ಯ ಸೈಕಲ್ 15, ಬ್ಯಾಟರಿ ಸೈಕಲ್ 25. ಹತ್ತು ಮೀಟರ್‌ಗೆ ಒಬ್ಬರು ನಡೀತಿರೋ ಹಾದೀಲಿ 15ರ ವೇಗದಲ್ಲಿ ಹೋಗೋನು ಮೂರೂವರೆ ಸೆಕೆಂಡಿಗೆ ಒಬ್ಬರನ್ನ ದಾಟ್ತಾನೆ, 25ರಲ್ಲಿ ಹೋಗೋನು ಎರಡು ಸೆಕೆಂಡಿಗೂ ಮೊದಲೇ. ಪ್ರತಿ ಸಲ ದಾಟುವಾಗ್ಲೂ ಮುಂದಿನೋರು ಪಕ್ಕಕ್ಕೆ ಸರೀಬಹುದು, ಮಗು ಕೈ ಬಿಡಿಸ್ಕೊಂಡು ಓಡಬಹುದು, ಕಿವಿ ಕೇಳದ ಅಜ್ಜಿಗೆ ಬೆಲ್ಲೇ ಕೇಳಿಸದೆ ಇರಬಹುದು. ಅಲ್ಲದೆ ವೇಗ 15ರಿಂದ 25ಕ್ಕೆ ಏರಿದ್ರೆ ಗುದ್ದಿದಾಗಿನ ಶಕ್ತಿ ಎರಡೂಮುಕ್ಕಾಲು ಪಟ್ಟು ಆಗತ್ತೆ. ಇನ್ನು ದೃಷ್ಟಿ ಇಲ್ಲದೋರಿಗೆ ಈ ಮಿಶ್ರ ಹಾದಿ ಅಂದ್ರೆ ಪೂರ್ತಿ ಭಯವೇ, ಸದ್ದಿಲ್ಲದೆ ಬರೋ ಸೈಕಲ್ಲನ್ನ ಅವರು ಅಂದಾಜು ಮಾಡೋದಾದ್ರೂ ಹೇಗೆ.

ಸೈಕಲ್‌ನೋರ ವಾದವೂ ಸುಳ್ಳಲ್ಲ. ಬಿಎಂಟಿಸಿ ಬಸ್ಸು, ಟೆಂಪೋ, ನೀರಿನ ಟ್ಯಾಂಕರ್ ಜೊತೆ ಒಂದೇ ರಸ್ತೇಲಿ ತುಳಿ ಅಂದ್ರೆ ಯಾರು ತುಳೀತಾರೆ? ಗುಂಡಿ ತಪ್ಪಿಸೋಕೆ ಒಂದಡಿ ಬಲಕ್ಕೆ ಬಂದ್ರೆ ಹಿಂದಿನಿಂದ ಹಾರ್ನ್. ಕೆಲಸಕ್ಕೆ ಸೈಕಲ್ಲಲ್ಲಿ ಹೋಗೋ ಸೆಕ್ಯುರಿಟಿ ಗಾರ್ಡ್, ಕಟ್ಟಡ ಕೆಲಸದೋರು, ಸ್ಕೂಲ್ ಮಕ್ಕಳು, ಇವರಿಗೆಲ್ಲ ಸೈಕಲ್ ಅನ್ನೋದು ಭಾನುವಾರ ಬೆಳಗಿನ ಶೋಕಿ ಅಲ್ಲ. ಅವರಿಗೆ ಫುಟ್‌ಪಾತ್ ಮೇಲೆ ಹತ್ತೋದೇ ಜೀವ ಉಳಿಸ್ಕೊಳ್ಳೋ ದಾರಿ. ಆದ್ರೆ ಮಜಾ ನೋಡಿ, ಮಿಶ್ರ ಹಾದಿ ಮಾಡಿಕೊಟ್ರೂ ಸ್ವಲ್ಪ ವೇಗವಾಗಿ ತುಳಿಯೋರು ಅದನ್ನ ಬಳಸಲ್ಲ, ರಸ್ತೇಲೇ ಹೋಗ್ತಾರೆ. ಆಗ ಕಾರಿನೋರು ನಿನಗೆ ಅಲ್ಲಿ ದಾರಿ ಮಾಡಿದಾರಲ್ಲ ಅಂತ ಗದರಿಸ್ತಾರೆ. ಇದ್ದ ಹಕ್ಕೂ ಹೋಯ್ತು.

ನಿಜವಾದ ಗಲಾಟೆ ಮೂರನೆಯವರದ್ದು

ಪಾದಚಾರಿ ಮತ್ತು ಸೈಕಲ್ ನಡುವಿನ ಜಗಳ ಅಂತ ಹೊರದೇಶದಲ್ಲಿ ಬರೀತಾರೆ, ನಮ್ಮಲ್ಲಿ ಆ ಜಗಳ ಶುರುವಾಗೋ ಮೊದಲೇ ಸ್ಕೂಟರ್ ಬಂದು ಮುಗಿಸಿರತ್ತೆ. ಬೆಂಗಳೂರಿನ ವಾಹನಗಳಲ್ಲಿ ಮೂರರಲ್ಲಿ ಎರಡು ಪಾಲು ಟೂವೀಲರ್. ಫುಟ್‌ಪಾತ್ ಅಗಲ ಆದಷ್ಟೂ, ನುಣುಪಾದಷ್ಟೂ, ಟ್ರಾಫಿಕ್ ಜಾಮ್ ಆದಾಗ ಅವರಿಗೆ ಅದೇ ಶಾರ್ಟ್‌ಕಟ್. ಟೆಂಡರ್‌ಶ್ಯೂರ್ ಅನ್ನೋ ಯೋಜನೇಲಿ ಹೊಸದಾಗಿ ಮಾಡಿದ ರಸ್ತೆಗಳಲ್ಲಿ ಅಗಲವಾದ ಚಂದದ ಫುಟ್‌ಪಾತ್ ಆದ ಮೇಲೆ ಬೈಕ್‌ಗಳು ಹತ್ತಿದ್ದೂ, ಆಮೇಲೆ ಕಂಬ ನೆಟ್ಟಿದ್ದೂ ನಗರದೋರೆಲ್ಲ ನೋಡಿರೋದೇ. ಕೇಂದ್ರದ 2017ರ ಚಾಲನಾ ನಿಯಮಗಳಲ್ಲಿ ಫುಟ್‌ಪಾತ್ ಮೇಲಾಗ್ಲಿ ಸೈಕಲ್ ಟ್ರ್ಯಾಕ್ ಮೇಲಾಗ್ಲಿ ಗಾಡಿ ಓಡಿಸಬಾರದು ಅಂತ ಸ್ಪಷ್ಟವಾಗೇ ಇದೆ. ಕಾನೂನು ಇದ್ದೂ ಹತ್ತುತಾರೆ, ಯಾಕಂದ್ರೆ ಹತ್ತೋಕೆ ಇಳಿಜಾರು ಇದೆ.

ಸರಿ, ಬೊಲಾರ್ಡ್, ಅಂದ್ರೆ ಗಾಡಿ ತಡೆಯೋ ಗಿಡ್ಡ ಕಂಬ, ಹಾಕಿ ಅಂತೀವಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಸ್ಕೂಟರಿನ ಅಗಲ ಮುಕ್ಕಾಲು ಮೀಟರ್ ಒಳಗೇ, ವೀಲ್‌ಚೇರಿನ ಅಗಲವೂ ಹೆಚ್ಚುಕಮ್ಮಿ ಅಷ್ಟೇ. ಸೈಕಲ್ ಹ್ಯಾಂಡಲ್ ಕೂಡ ಅದೇ ಆಸುಪಾಸು. ಅಂದ್ರೆ ಸ್ಕೂಟರ್ ತೂರದಷ್ಟು ಹತ್ತಿರ ಕಂಬ ನೆಟ್ರೆ ವೀಲ್‌ಚೇರ್ ಹೊರಗೇ ಉಳೀತು, ವೀಲ್‌ಚೇರಿಗೆ ಜಾಗ ಬಿಟ್ರೆ ಸ್ಕೂಟರೂ ಒಳಗೆ. ಫುಟ್‌ಪಾತ್ ಮಾತ್ರ ಆದ್ರೆ ಇದನ್ನ ಸ್ವಲ್ಪ ನಿಭಾಯಿಸಬಹುದು, ಹಾದಿ ಬಾಯಲ್ಲಿ ಎರಡು ಸಾಲು ಕಂಬ ಹಿಂದೆಮುಂದೆ ನೆಟ್ಟು ತಿರುಗಿಸಿ ಹೋಗೋ ಹಾಗೆ ಮಾಡಬಹುದು, ವೀಲ್‌ಚೇರ್ ನಿಧಾನಕ್ಕೆ ತಿರುಗತ್ತೆ, ಸ್ಕೂಟರಿನೋನಿಗೆ ಬೇಜಾರಾಗಿ ಬಿಡ್ತಾನೆ. ಆದ್ರೆ ಅದೇ ಹಾದೀಲಿ ಸೈಕಲ್ಲೂ ಹೋಗ್ಬೇಕು ಅಂದ್ರೆ ಸೈಕಲ್‌ನೋನು ಪ್ರತಿ ಅಡ್ಡರಸ್ತೇಲೂ ಇಳಿದು ತಳ್ಳಬೇಕು, ಹಾಗೆ ಯಾರೂ ತುಳಿಯಲ್ಲ. ಮಿಶ್ರ ಹಾದಿ ನಮ್ಮೂರಲ್ಲಿ ಕೆಡೋಕೆ ಇದು ಮೊದಲ ಕಾರಣ, ಯಾಕೋ ಪ್ರಾಜೆಕ್ಟ್ ಚಿತ್ರಗಳಲ್ಲಿ ಈ ಸ್ಕೂಟರ್ ಮಾತ್ರ ಇರೋದೇ ಇಲ್ಲ.

ಇದಕ್ಕೆ ಹೊಸ ತಿರುವು ಬ್ಯಾಟರಿ ಗಾಡಿಗಳದ್ದು. ಮೋಟಾರ್ ಶಕ್ತಿ 250 ವಾಟ್ ಒಳಗಿದ್ದು ವೇಗ ಗಂಟೆಗೆ 25 ಕಿಲೋಮೀಟರ್ ಮೀರದಿದ್ರೆ, ತೂಕದ ಮಿತಿಯೂ ದಾಟದಿದ್ರೆ, ನಿಯಮದ ಪ್ರಕಾರ ಅದು ಮೋಟಾರು ವಾಹನವೇ ಅಲ್ಲ, ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ. ಬೆಂಗಳೂರಲ್ಲಿ ಡೆಲಿವರಿ ಹುಡುಗರು ಬಾಡಿಗೆಗೆ ಓಡಿಸೋ ಎಷ್ಟೋ ಗಾಡಿ ಈ ಗುಂಪಿಗೇ ಸೇರತ್ತೆ. ಹಾಗಾದ್ರೆ ಅದು ಸೈಕಲ್ ಟ್ರ್ಯಾಕ್ ಮೇಲೆ ಬರಬಹುದಾ? ಪೆಡಲ್ ಇಲ್ಲ, ಹಿಂದೆ ದೊಡ್ಡ ಡಬ್ಬ, ಹತ್ತು ನಿಮಿಷದಲ್ಲಿ ತಲುಪಿಸೋ ಒತ್ತಡ. ಬೇಡ ಅಂದ್ರೆ ಆ ಹುಡುಗರನ್ನ 60ರ ವೇಗದ ರಸ್ತೆಗೆ ತಳ್ಳಿದ ಹಾಗೆ, ಬೇಕು ಅಂದ್ರೆ ನಡೆಯೋರ ಪಕ್ಕ 25ರ ವೇಗ ತಂದ ಹಾಗೆ. ರಾಜ್ಯದ ಹೊಸ ನಿಯಮದಲ್ಲಿ ಇದಕ್ಕೆ ಒಂದು ಸಾಲಾದ್ರೂ ಇರಲೇಬೇಕು.

ನೆಲ ಹೇಗಿದೆ ನೋಡಿ

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಫುಟ್‌ಪಾತ್ ಅಂದ್ರೆ ಅರ್ಧ ಪಾಲು ಮೋರಿ ಮುಚ್ಚಳ. ಮಳೆನೀರು ಚರಂಡಿ ಕೆಳಗೆ, ಅದರ ಮೇಲೆ ಕಲ್ಲು ಚಪ್ಪಡಿ ಅಥವಾ ಕಾಂಕ್ರೀಟ್ ಸ್ಲ್ಯಾಬ್. ಹೂಳು ತೆಗೆಯೋಕೆ ಚಪ್ಪಡಿ ಎತ್ತಲೇಬೇಕು, ಎತ್ತಿದ್ದು ವಾಪಸ್ ಸಮವಾಗಿ ಕೂರಲ್ಲ, ಒಂದು ಮೇಲೆ ಒಂದು ಕೆಳಗೆ, ನಡುವೆ ಎರಡು ಬೆರಳಿನ ಸಂದು. ನಡೆಯೋರು ದಾಟ್ತಾರೆ, ಸೈಕಲ್ ಟೈರ್ ಆ ಸಂದಿಗೆ ಸಿಕ್ಕಿಕೊಂಡ್ರೆ ಮುಖ ಅಡಿಯಾಗಿ ಬೀಳೋದೇ. ಇನ್ನು ಪ್ರತಿ ಮನೆ ಗೇಟಿನ ಮುಂದೆ ಕಾರು ಹತ್ತಲಿ ಅಂತ ಫುಟ್‌ಪಾತನ್ನೇ ಇಳಿಸಿರ್ತಾರೆ, ಮೂವತ್ತು ಅಡಿ ಸೈಟಿನ ಬೀದೀಲಿ ಹಾದಿ ಮೂವತ್ತು ಅಡಿಗೊಂದು ಸಲ ಇಳಿದು ಏರತ್ತೆ. ಇದು ಉಲ್ಟಾ ಆಗ್ಬೇಕು, ಹಾದಿ ಮಟ್ಟಸವಾಗಿರಬೇಕು, ಕಾರು ಹತ್ತಿ ಇಳೀಬೇಕು. ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಕರ್ಬ್ ಕಲ್ಲಿನ, ಅಂದ್ರೆ ಫುಟ್‌ಪಾತ್ ಅಂಚಿನ ಕಲ್ಲಿನ, ಎತ್ತರ 150 ಮಿಲಿಮೀಟರ್ ಮೀರಬಾರದು ಅನ್ನೋದೂ ಇದಕ್ಕೇ, ಎತ್ತರ ಕಮ್ಮಿ ಇದ್ರೆ ಗೇಟಿನ ಮುಂದೆ ಹಾದಿ ಇಳಿಸೋ ಅಗತ್ಯವೇ ಬರಲ್ಲ, ಕರ್ಬ್ ಅಂಚಲ್ಲೇ ಚಿಕ್ಕ ಇಳಿಜಾರು ಸಾಕು.

ಆಮೇಲೆ ಅಗೆತ. ಹಾದಿ ಮಾಡೋದು ಪಾಲಿಕೆ, ಟ್ರಾನ್ಸ್‌ಫಾರ್ಮರ್ ನಿಲ್ಲಿಸೋದು ಬೆಸ್ಕಾಂ, ಪೈಪಿಗೆ ಅಗೆಯೋದು ಜಲಮಂಡಳಿ, ಕೇಬಲ್ಲಿಗೆ ಅಗೆಯೋದು ಟೆಲಿಕಾಂನೋರು, ಬೈಕ್ ಹಿಡಿಯೋದು ಟ್ರಾಫಿಕ್ ಪೊಲೀಸ್. 2025ರ ಸೆಪ್ಟೆಂಬರ್‌ನಿಂದ ಒಂದು ಪಾಲಿಕೆ ಇದ್ದಿದ್ದು ಐದಾಗಿದೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಒಂದು ಉದ್ದದ ಹಾದಿ ಎರಡು ಪಾಲಿಕೆ ಗಡಿ ದಾಟಿದ್ರೆ ಸ್ಲ್ಯಾಬ್ ಮುರಿದಾಗ ಯಾರಿಗೆ ಫೋನ್ ಮಾಡ್ಬೇಕು ಅನ್ನೋದು ಮೊದಲೇ ಬರೆದಿಡೋದು ಒಳ್ಳೇದು.

ಔಟರ್ ರಿಂಗ್ ರೋಡಲ್ಲಿ ಏನಾಯ್ತು

2020ರಲ್ಲಿ, ಕೋವಿಡ್ ಸಮಯದಲ್ಲಿ, ನಗರ ಭೂ ಸಾರಿಗೆ ನಿರ್ದೇಶನಾಲಯ ಸಿಲ್ಕ್ ಬೋರ್ಡ್ ಮತ್ತು ಕೆ.ಆರ್. ಪುರಂ ನಡುವಿನ ಔಟರ್ ರಿಂಗ್ ರೋಡಲ್ಲಿ ಬೊಲಾರ್ಡ್ ಹಾಕಿ ಸೈಕಲ್ ಲೇನ್ ಮಾಡ್ತು. ಐಡಿಯಾ ತಪ್ಪೇನಲ್ಲ, ಫುಟ್‌ಪಾತಿಂದ ಜಾಗ ಕಿತ್ಕೊಳ್ಳದೆ ರಸ್ತೆಯಿಂದಲೇ ತಗೊಂಡಿದ್ರು. ಕೇಂದ್ರ ಸರ್ಕಾರ ನಗರಗಳಿಗೆ ಇಟ್ಟ ಇಂಡಿಯಾ ಸೈಕಲ್ಸ್ ಫಾರ್ ಚೇಂಜ್ ಸ್ಪರ್ಧೇಲಿ 2021ರಲ್ಲಿ ಗೆದ್ದ 11 ನಗರಗಳಲ್ಲಿ ಬೆಂಗಳೂರೂ ಒಂದಾಯ್ತು. ಅದೇ ಹೊತ್ತಿಗೆ ಆ ಲೇನೊಳಗೆ ಬೈಕು, ಪಾರ್ಕ್ ಮಾಡಿದ ಗಾಡಿಗಳು, ಜೊತೆಗೆ ಅದೇ ಕಾರಿಡಾರಿನಲ್ಲಿ ಮೆಟ್ರೊ ನೀಲಿ ಮಾರ್ಗದ ಕೆಲಸ ಶುರುವಾಗಿ ಬ್ಯಾರಿಕೇಡ್ ಬಂತು. ಲೇನ್ ಕಳೆದುಹೋಯ್ತು. ಇದಕ್ಕೂ ಮುಂಚೆ ಜಯನಗರದಲ್ಲಿ ಬಣ್ಣ ಬಳಿದು ಮಾಡಿದ ಸೈಕಲ್ ಹಾದಿಗಳೂ ಪಾರ್ಕಿಂಗ್ ಆಗಿಯೇ ಮುಗಿದಿದ್ದು.

ಇದನ್ನ ನೋಡಿ ಬಹಳ ಜನ ಬೆಂಗಳೂರಲ್ಲಿ ಸೈಕಲ್ ಲೇನ್ ವೇಸ್ಟು, ಯಾರೂ ತುಳಿಯಲ್ಲ ಅಂತಾರೆ. ಕಾರಣ ಮತ್ತು ಪರಿಣಾಮ ಇಲ್ಲಿ ತಿರುಗುಮುರುಗಾಗಿದೆ. ಲೇನ್ ಜಂಕ್ಷನ್ ಬಂದ ಕೂಡಲೇ ಮಾಯ ಆದ್ರೆ, ಅತಿ ಅಪಾಯ ಇರೋ ಜಾಗದಲ್ಲೇ ಕೈ ಬಿಟ್ರೆ, ಮನೆಯಲ್ಲಿ ಯಾರು ಮಕ್ಕಳನ್ನ ಸೈಕಲ್ ಕೊಟ್ಟು ಕಳಿಸ್ತಾರೆ? ಮೈಸೂರಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಅಂತ 450 ಸೈಕಲ್ ಇಟ್ಟು ಬಾಡಿಗೆ ವ್ಯವಸ್ಥೆ ಶುರು ಮಾಡಿದಾಗ ಜನ ತುಳಿದ್ರು. ಊರು ಚಿಕ್ಕದು, ದೂರ ಕಮ್ಮಿ, ರಸ್ತೇಲಿ ಉಸಿರಾಡೋಕೆ ಜಾಗ ಇತ್ತು. ಅಭ್ಯಾಸ ಇಲ್ಲದ ಜನ ಅಂತೇನಿಲ್ಲ.

ಬೇರೆ ಊರಿನೋರು ಕಲಿತಿದ್ದು

ಜಪಾನಿನ ಕಥೆ ನಮಗೆ ಹತ್ತಿರದ್ದು. 1970ರಲ್ಲಿ ಅಲ್ಲಿ ರಸ್ತೆ ಅಪಘಾತದಲ್ಲಿ ಸತ್ತೋರು 16,765, ಅಷ್ಟು ಜನ ಅಲ್ಲಿ ಯಾವತ್ತೂ ಸತ್ತಿರಲಿಲ್ಲ, ಆಮೇಲೂ ಸಾಯಲಿಲ್ಲ. ಸೈಕಲ್‌ನೋರನ್ನ ಉಳಿಸೋಕೆ, ತಾತ್ಕಾಲಿಕವಾಗಿ ಅಂತ, ಸೈಕಲ್ ಬೋರ್ಡ್ ಹಾಕಿದ ಕಡೆ ಫುಟ್‌ಪಾತ್ ಮೇಲೆ ತುಳಿಯೋಕೆ ಬಿಟ್ರು. ತಾತ್ಕಾಲಿಕ ಅನ್ನೋದು ಖಾಯಂ ಆಯ್ತು. ರಸ್ತೇಲಿ ಟ್ರ್ಯಾಕ್ ಮಾಡೋ ಒತ್ತಡವೇ ಹೊರಟುಹೋಯ್ತು, ಫುಟ್‌ಪಾತಲ್ಲಿ ನಡೆಯೋರಿಗೆ ಗುದ್ದೋದು ದೊಡ್ಡ ದೂರಾಯ್ತು. ಕೊನೆಗೆ 2011ರಲ್ಲಿ ಅಲ್ಲಿನ ಪೊಲೀಸ್ ಇಲಾಖೆ ಸೈಕಲ್ ಮೂಲತಃ ರಸ್ತೇಲೇ ಹೋಗ್ಬೇಕು ಅಂತ ಮತ್ತೆ ನೆನಪಿಸಬೇಕಾಯ್ತು, 2026ರ ಏಪ್ರಿಲ್‌ನಿಂದ 16 ವರ್ಷ ದಾಟಿದ ಸೈಕಲ್ ಸವಾರರಿಗೆ ಸ್ಥಳದಲ್ಲೇ ದಂಡದ ಚೀಟಿ ಕೊಡೋ ಪದ್ಧತಿ ತಂದ್ರು. 13ರ ಒಳಗಿನ ಮಕ್ಕಳಿಗೆ, 70 ದಾಟಿದೋರಿಗೆ ಫುಟ್‌ಪಾತ್ ಬಿಟ್ಟಿದಾರೆ, ಅದು ಬುದ್ಧಿವಂತಿಕೆ. ನಮ್ಮ ನಿಯಮ ಬರೆಯೋರು ಇದೊಂದನ್ನ ಹಾಗೇ ಎತ್ಕೊಂಡ್ರೂ ಆಗತ್ತೆ.

ಬ್ರಿಟನ್ ಸರ್ಕಾರ 2020ರ ಜುಲೈನಲ್ಲಿ ಹೊರಡಿಸಿದ ವಿನ್ಯಾಸ ಸೂಚನೆ ಸೈಕಲ್ಲನ್ನ ಪಾದಚಾರಿ ಅಂತ ಅಲ್ಲ, ವಾಹನ ಅಂತಾನೇ ನೋಡ್ಬೇಕು ಅನ್ನತ್ತೆ. ಊರೊಳಗಿನ ರಸ್ತೇಲಿ ಮಿಶ್ರ ಹಾದಿ ಕೊನೇ ಆಯ್ಕೆ. ಮಾಡಲೇಬೇಕು ಅಂದ್ರೆ ಗಂಟೆಗೆ 300 ಸೈಕಲ್‌ವರೆಗೆ ಕನಿಷ್ಠ 3 ಮೀಟರ್ ಅಗಲ, ಅದಕ್ಕಿಂತ ಜಾಸ್ತಿ ಇದ್ರೆ ನಾಲ್ಕೂವರೆ. ನ್ಯೂಯಾರ್ಕಲ್ಲಿ ಬ್ರೂಕ್ಲಿನ್ ಸೇತುವೆ ಮೇಲೆ ದಶಕಗಟ್ಟಲೆ ನಡೆಯೋರು, ಫೋಟೋ ತೆಗೆಯೋರು, ಸೈಕಲ್‌ನೋರು ಒಂದೇ ಮರದ ಹಾದೀಲಿ ಬೈದಾಡ್ಕೊಂಡು ಹೋಗ್ತಿದ್ರು. 2021ರ ಸೆಪ್ಟೆಂಬರಲ್ಲಿ ಒಂದು ಕಾರ್ ಲೇನ್ ಕಿತ್ತು ಸೈಕಲ್‌ಗೆ ಕೊಟ್ರು, ಜಗಳ ಅಲ್ಲಿಗೆ ನಿಂತೋಯ್ತು. 2025ರ ಮೇನಲ್ಲಿ ಕ್ವೀನ್ಸ್‌ಬರೋ ಸೇತುವೇಲೂ ಹಾಗೇ, ಇನ್ನೊಂದು ಬದಿಯ ಕಾರ್ ಲೇನನ್ನ ಪಾದಚಾರಿಗಳಿಗೆ ಬಿಟ್ಟು ಇಬ್ಬರನ್ನೂ ಬೇರೆ ಮಾಡಿದ್ರು. ಎರಡೂ ಕಡೆ ಜಾಗ ಬಂದಿದ್ದು ಕಾರಿಂದ ಅನ್ನೋದನ್ನ ಗಮನಿಸಿ.

ಹಾಗಾದ್ರೆ ಒಟ್ಟಿಗೆ ಎಲ್ಲಿ ನಡೆಯತ್ತೆ

ನಡೆಯೋ ಜಾಗ ಇದೆ. ಗೇಟು, ಅಂಗಡಿ, ಅಡ್ಡರಸ್ತೆ ಇಲ್ಲದ ಉದ್ದನೆ ಹಾದಿಗಳು. ಬೆಂಗಳೂರಲ್ಲಿ ಅಂದ್ರೆ ರಾಜಕಾಲುವೆ ದಂಡೆ, ಕೆರೆ ಏರಿ, ರೈಲು ಹಳಿ ಪಕ್ಕ. ಶಾಂತಿನಗರದ ಕಡೆಯಿಂದ ಬೆಳ್ಳಂದೂರು ಕಡೆಗೆ ಹರಿಯೋ ಕೆ-100 ಕಾಲುವೆ ದಂಡೇಲಿ ಹಾದಿ ಮಾಡಿರೋದು ಈ ಕಾರಣಕ್ಕೇ ಕುತೂಹಲದ್ದು, ಪಕ್ಕದಿಂದ ಕಾರು ನುಗ್ಗೋಕೆ ಜಾಗ ಇಲ್ಲ, ಬಾಯಿಗಳು ಕೆಲವೇ, ಅಲ್ಲಿ ಕಂಬ ನೆಟ್ಟು ಕಾಯೋದು ಸುಲಭ. ಆದ್ರೆ ಅಲ್ಲೂ ಎರಡು ಷರತ್ತು. ಬಹಳಷ್ಟು ಕೆರೆಗಳಲ್ಲಿ ವಾಕಿಂಗ್ ಪಾತ್‌ಗೆ ಸೈಕಲ್ ಬಿಡಲ್ಲ, ಹೊತ್ತು ಮುಳುಗಿದ್ರೆ ಗೇಟ್ ಹಾಕ್ತಾರೆ. ಕೆಲಸ ಮುಗಿಸಿ ರಾತ್ರಿ ಎಂಟಕ್ಕೆ ಮನೆಗೆ ಹೋಗೋನಿಗೆ ಬೀಗ ಹಾಕಿದ ಹಾದಿ ಯಾಕೆ? ಎರಡನೇದು ದೀಪ, ಹೆಂಗಸರು ರಾತ್ರಿ ಆ ಹಾದಿ ಬಳಸ್ತಾರಾ ಇಲ್ವಾ ಅನ್ನೋದು ಟೈಲ್ಸ್ ಬಣ್ಣಕ್ಕಿಂತ ದೀಪದ ಮೇಲೆ ನಿಂತಿದೆ.

ಗಾಂಧಿ ಬಜಾರು, ಮಲ್ಲೇಶ್ವರದ ಸಂಪಿಗೆ ರಸ್ತೆ ಥರದ ಕಡೆ ಮಿಶ್ರ ಹಾದಿ ಬೇಡವೇ ಬೇಡ, ಅಲ್ಲಿ ನಡೆಯೋರ ಸಂಖ್ಯೆಯೇ ಉತ್ತರ. ದೊಡ್ಡ ರಸ್ತೆಗಳಲ್ಲಿ ಸೈಕಲ್‌ಗೆ ಬೇರೆ ಟ್ರ್ಯಾಕ್, ಜಾಗ ಪಾರ್ಕಿಂಗಿಂದ ಬರ್ಲಿ. ಬಡಾವಣೆಯ ಒಳಗಿನ ಕ್ರಾಸ್‌ಗಳಲ್ಲಿ ಟ್ರ್ಯಾಕೂ ಬೇಡ ಏನೂ ಬೇಡ, ಗಾಡಿಗಳ ವೇಗ 30ಕ್ಕೆ ಇಳಿಸಿ, ತಿರುವು ಚಿಕ್ಕದು ಮಾಡಿ, ಸೈಕಲ್ ರಸ್ತೇಲೇ ಆರಾಮಾಗಿ ಹೋಗತ್ತೆ. ಈ ಮೂರನೇದಕ್ಕೆ ದುಡ್ಡು ಅತಿ ಕಮ್ಮಿ, ಉದ್ಘಾಟನೆ ಮಾಡೋಕೆ ಏನೂ ಇರಲ್ಲ ಅನ್ನೋದೊಂದೇ ಅದರ ತೊಂದರೆ.

ಮುಂದೆ ಏನಾಗಬಹುದು

ಗಡುವು ಇದ್ದಾಗ ಸರ್ಕಾರಗಳು ಕಣ್ಣಿಗೆ ಕಾಣೋ ಕೆಲಸ ಮೊದಲು ಮಾಡ್ತವೆ. ಎರಡು ಸಾಧ್ಯತೆ ಹತ್ತಿರದಲ್ಲೇ ಇವೆ. ಒಂದು, ಇರೋ ಫುಟ್‌ಪಾತ್ ಮೇಲೇ ಸೈಕಲ್ ಚಿತ್ರ ಬಳಿದು ಇಷ್ಟು ಕಿಲೋಮೀಟರ್ ಸೈಕಲ್ ಹಾದಿ ಅಂತ ಲೆಕ್ಕ ಕೊಡೋದು. ಆಗ ಜಪಾನಿನ ಹಾಗೆ ನಾವೂ ಅದರಲ್ಲೇ ಸಿಕ್ಕಿಕೊಳ್ತೀವಿ, ಯಾಕಂದ್ರೆ ಕಾಗದದಲ್ಲಿ ಹಾದಿ ಇರೋ ರಸ್ತೆಗೆ ಇನ್ನೊಂದು ಟ್ರ್ಯಾಕ್ ಕೇಳೋಕೆ ಕಷ್ಟ. ಇನ್ನೊಂದು, ಅಡ್ಡಿ ತೆಗೆಯೋದು ಅಂದ್ರೆ ಗಾಡಿ ಅಂಗಡಿ ಎತ್ತೋದು ಅಂತ ಅರ್ಥ ಮಾಡ್ಕೊಳ್ಳೋದು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಮೊದಲು ಸಮೀಕ್ಷೆ, ಪಟ್ಟಣ ವ್ಯಾಪಾರ ಸಮಿತಿ, ಆಮೇಲೆ ಮಾರಾಟದ ಜಾಗ ಗುರುತು, ಇದೆಲ್ಲ ಆಗದೆ ಎತ್ತೋ ಹಾಗಿಲ್ಲ. ಸೊಪ್ಪಿನ ಗಾಡಿ ಎತ್ತಿ ಅದರ ಪಕ್ಕದ ಟ್ರಾನ್ಸ್‌ಫಾರ್ಮರ್, ಎದುರಿಗೆ ನಿಂತ ಕಾರು ಅಲ್ಲೇ ಬಿಟ್ರೆ ಹಾದಿ ಅಗಲ ಆಗಿದ್ದೇನು? ಹೂವು, ತರಕಾರಿ ಮಾರೋರು ಇರೋ ಬೀದೀಲಿ ರಾತ್ರಿ ಕೂಡ ಜನ ಧೈರ್ಯವಾಗಿ ನಡೀತಾರೆ ಅನ್ನೋದೂ ಲೆಕ್ಕಕ್ಕೆ ಬರ್ಬೇಕು.

ಹಿಂದೆ ಸೈಕಲ್, ಪಾದಚಾರಿಗಳ ಹಕ್ಕಿಗೆ ಅಂತಾನೇ ಕರ್ನಾಟಕದಲ್ಲಿ ಆಕ್ಟಿವ್ ಮೊಬಿಲಿಟಿ ಮಸೂದೆಯ ಕರಡು ತಯಾರಾಗಿತ್ತು. ಹೊಸ ನಿಯಮ ಬರೆಯೋರು ಶೂನ್ಯದಿಂದ ಶುರು ಮಾಡ್ಬೇಕಿಲ್ಲ, ಅದನ್ನ ಮೇಜಿನ ಮೇಲೆ ಇಟ್ಕೊಂಡ್ರೆ ಸಾಕು.

ಆಡಿಟ್ ವಿಷಯದಲ್ಲಿ ಜನ ಕೇಳಬೇಕಾದ್ದು ಒಂದಿದೆ. ಕಳೆದ ಎರಡು ಮೂರು ವರ್ಷದಲ್ಲಿ ಪಾದಚಾರಿಗಳು ಸತ್ತ, ಗಾಯಗೊಂಡ ಜಾಗಗಳಿಂದಲೇ ಶುರು ಮಾಡಿ ಅಂತ ಕೋರ್ಟ್ ಹೇಳಿದೆ, ಆ ಪಟ್ಟಿ ಪೊಲೀಸರ ಹತ್ರ ಇರತ್ತೆ, ಅದನ್ನ ವಾರ್ಡ್‌ವಾರು ಹೊರಗೆ ಹಾಕ್ಲಿ. ಅಳತೆ ಟೇಪ್ ಹಿಡ್ಕೊಂಡು ಮಧ್ಯಾಹ್ನ ಹನ್ನೆರಡಕ್ಕೆ ಹೋದ್ರೆ ಫುಟ್‌ಪಾತ್ ಖಾಲಿ ಕಾಣತ್ತೆ, ಅಗಲ ಸರಿಯಾಗೇ ಇದೆ ಅಂತ ಬರ್ಕೊಂಡು ಬರಬಹುದು. ಬೆಳಿಗ್ಗೆ ಒಂಬತ್ತಕ್ಕೆ, ಸಂಜೆ ಆರೂವರೆಗೆ ಹೋಗಿ ನಡೆಯೋರೆಷ್ಟು, ಸೈಕಲ್ ಎಷ್ಟು, ಮೇಲೆ ಹತ್ತಿದ ಬೈಕ್ ಎಷ್ಟು ಅಂತ ಮೂರನ್ನೂ ಬೇರೆ ಬೇರೆ ಎಣಿಸ್ಬೇಕು. ಒಟ್ಟಿಗೆ ಬಿಡಬಹುದಾದ ಹಾದಿ ಯಾವುದು, ಬೇರೆ ಮಾಡಲೇಬೇಕಾದ್ದು ಯಾವುದು ಅಂತ ಆ ಎಣಿಕೆ ಇಲ್ಲದೆ ತೀರ್ಮಾನ ಮಾಡೋಕಾಗಲ್ಲ.